ಮೂರು ವರ್ಷ, ಎರಡು ಪಿಕಪ್, ಒಂದು ಗುಂಯ್

ಈ ಬೇಸ್ ಗಿಟಾರ್ ಕೊಂಡು ಮೂರು ವರ್ಷ ಆಯ್ತು. ಕಂಪನಿ ಹೆಸರು ಬೇಡ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನವರು 1960ರಲ್ಲಿ ತಂದ ಜಾಝ್ ಬೇಸಿನ ಅಗ್ಗದ ನಕಲು, ಅದೂ ಸೆಕೆಂಡ್ ಹ್ಯಾಂಡ್, 14 ಸಾವಿರ. ಕಲಬುರಗಿಯ ಮದುವೆ ಆರ್ಕೆಸ್ಟ್ರಾದವನ ಜೇಬಿಗೆ ಅಷ್ಟೇ ಆಗೋದು. ಮರ, ಬಣ್ಣ, ತೂಕದ ಬಗ್ಗೆ ಬೇರೆಯವರು ಬರೆದಿದ್ದಾರೆ. ಪಿಕಪ್ ಅಂದರೆ ತಂತಿಯ ಅಲುಗಾಟ ಹಿಡಿದು ಸ್ಪೀಕರ್ ಕಡೆ ಕಳಿಸೋ ಅಯಸ್ಕಾಂತ, ಸುರುಳಿ; ಇದರಲ್ಲಿ ಎರಡಿವೆ, ಮುಂದೆ ಕತ್ತಿನ ಕಡೆ ಒಂದು, ಹಿಂದೆ ಒಂದು. ನನ್ನ ತಕರಾರು ಹಿಂದಿನ ಪಿಕಪ್ಪಿನದ್ದು.

ಮನೆಯಲ್ಲಿ ಬರೀ ಅದರ ವಾಲ್ಯೂಮ್ ನಾಬ್ ತೆರೆದು ನುಡಿಸುತ್ತಿದ್ದೆ. ಸ್ವಲ್ಪ ಗುಂಯ್ ಅಂತಿತ್ತು, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆಮೇಲೆ ಸೇಡಂ ರಸ್ತೆಯ ಒಂದು ಕಲ್ಯಾಣ ಮಂಟಪ. ಢೋಲಕ್, ಪ್ಯಾಡ್ ಶುರುವಾದ ಕೂಡಲೇ ನಾನು ಮಾಯ. "ಅಣ್ಣಾ, ನಿಂದೇನೂ ಕೇಳವಲ್ದು" ಅಂದ ಕೀಬೋರ್ಡ್ ಹುಡುಗ.

ಬಟ್ಟೆ ಒಣಹಾಕೋ ಹಗ್ಗ ಅಲ್ಲಾಡಿಸಿ ನೋಡಿ. ನಡುವೆ ಜೋರಾಗಿ ತೂಗುತ್ತದೆ, ಮೊಳೆ ಹತ್ತಿರ ಅಷ್ಟೇನಿಲ್ಲ, ಅಲ್ವಾ? ತಂತಿಯೂ ಹಾಗೇ. ಬ್ರಿಜ್ (ತಂತಿಯ ಹಿಂದಿನ ತುದಿ ಕೂರೋ ಜಾಗ) ಪಕ್ಕದ ಹಿಂದಿನ ಪಿಕಪ್ಪಿಗೆ ಆ ದೊಡ್ಡ ತೂಗಾಟ ಕಮ್ಮಿ ಸಿಗುತ್ತದೆ, ಮೇಲಿನ ಸಣ್ಣ ಸ್ವರಗಳೇ ಮುಂದೆ ಬರುತ್ತವೆ. ಕತ್ತಿನ ಕಡೆಯದಕ್ಕೆ ದಪ್ಪ ದನಿ.

ಸರಿ, ಎರಡನ್ನೂ ಪೂರ್ತಿ ತೆರೆದೆ. ಗುಂಯ್ ನಿಂತಿತು. ಎರಡರ ಸುರುಳಿ ಒಂದಕ್ಕೊಂದು ಉಲ್ಟಾ ಸುತ್ತಿರುವುದರಿಂದ ಕರೆಂಟಿನ 50 ಹರ್ಟ್ಸ್ ಸದ್ದು ಅಲ್ಲೇ ಹೊಡೆದುಹೋಗುತ್ತದೆ. ಆದರೆ ಎರಡೂ ತಂತಿಯನ್ನು ಬೇರೆ ಬೇರೆ ಜಾಗದಲ್ಲಿ ಕೇಳುತ್ತವಲ್ಲ, ಅದಕ್ಕೆ ಮಧ್ಯದ ಸ್ವರಗಳೂ ಒಂದಿಷ್ಟು ಹೊಡೆದುಹೋಗುತ್ತವೆ. ಕೆಳಗಿದೆ, ಮೇಲಿದೆ, ನಡುವೇ ಇಲ್ಲ.

ಹಿಂದಿನದನ್ನು ಚೂರು ಇಳಿಸಿದರೆ ನಡು ವಾಪಸ್. ಗುಂಯ್ ಕೂಡ ವಾಪಸ್! ಸೀರಿಯಲ್ ಲೈಟ್ ಹತ್ತಿದರಂತೂ ಜಾಸ್ತಿ. ಒಮ್ಮೆ ಅಕ್ಷತೆ ಹೊತ್ತಿಗೆ ಎಲ್ಲ ಸುಮ್ಮನಾದಾಗ ನನ್ನ ಸ್ಪೀಕರ್ ಒಂದೇ ಹಾಡುತ್ತಿತ್ತು. ಮದುಮಗಳ ಕಾಕಾ ಮೇಲೆ ನೋಡಿ, "ಜೇನುಹುಳ ಬಂದಾವೇನ್ರಿ?" ಅಂದರು. ಆ ರಾತ್ರಿ ಮಾರಿಬಿಡೋಣ ಅನಿಸಿತ್ತು. ಒಳಗೆ ತಾಮ್ರದ ಪಟ್ಟಿ ಅಂಟಿಸಿದೆ. ಚರಚರ ಹೋಯ್ತು, ಗುಂಯ್ ಹೋಗಲಿಲ್ಲ.

ಈಗ ಮುಂದಿನದು ಪೂರ್ತಿ, ಹಿಂದಿನದು ಮುಕ್ಕಾಲು. ಆ ಜಾಗಕ್ಕೆ ಅಕ್ಕನ ನೇಲ್ ಪಾಲಿಶಿನ ಕೆಂಪು ಚುಕ್ಕಿ ಇಟ್ಟಿದ್ದೇನೆ. ಢೋಲಕ್ ಎಷ್ಟೇ ಜೋರಿರಲಿ, ಬೇಸ್ ಎದೆಗೆ ತಾಗುತ್ತದೆ. ಇಷ್ಟು ದುಡ್ಡಿಗೆ ಇದಕ್ಕಿಂತ ಒಳ್ಳೆ ದನಿ ನನಗೆ ಸಿಕ್ಕಿಲ್ಲ, ಮಾರಲ್ಲ. ಹಾಡು ಮುಗಿದ ಕೂಡಲೇ ಕಿರುಬೆರಳಲ್ಲಿ ಹಿಂದಿನದರ ನಾಬನ್ನೂ ಪೂರ್ತಿ ತೆರೆಯುತ್ತೇನೆ, ಗುಂಯ್ ಬಂದ್. ಮುಂದಿನ ಹಾಡಿಗೆ ಮತ್ತೆ ಚುಕ್ಕಿಗೆ.