ಅರಬಿ ಪುಸ್ತಕಗಳ ಕ್ಯಾಟಲಾಗ್‌ಗೆ ನನಗೆ ಕೊಹಾನೇ ಸಾಕು

ಮಂಗಳೂರಿನ ಕಾಲೇಜಿನಲ್ಲಿ ಕೊಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಬಳಸಿ ಪಳಗಿದ್ದೆ. ಗಲ್ಫ್‌ನ ವಿಶ್ವವಿದ್ಯಾಲಯವೊಂದರ ಲೈಬ್ರರಿಗೆ ಬಂದಾಗ ಅಲ್ಲಿದ್ದದ್ದು ವರ್ಷವರ್ಷವೂ ಲೈಸೆನ್ಸ್ ಹಣ ಕಟ್ಟುವ ಬೇರೊಂದು ಸಾಫ್ಟ್‌ವೇರ್. ಎರಡು ವರ್ಷ ಅದರಲ್ಲಿ ದುಡಿದೆ. ಆಮೇಲೆ ಕೊಹಾಕ್ಕೆ ಬದಲಾದೆವು. ಈಗ ಹಳೆಯದರ ಹತ್ತಿರ ಹೋಗೋ ಆಸೆಯೇ ಇಲ್ಲ.

ಕಾರಣ ಅರಬಿ ಲಿಪಿಯ ಒಂದು ಪುಟ್ಟ ಗುರುತು, ಹಮ್ಜಾ. ಅಹ್ಮದ್ ಎಂಬ ಹೆಸರು ಶುರುವಾಗುವುದು ಅಲಿಫ್ ಎಂಬ ಅಕ್ಷರದಿಂದ. ಅದರ ತಲೆಯ ಮೇಲೆ ಹಮ್ಜಾ ಇರಬೇಕು. ಪುಸ್ತಕದ ಮೇಲೆ ಇರುತ್ತದೆ, ನಾವೂ ಹಾಗೇ ಏರಿಸುತ್ತೇವೆ. ಆದರೆ ಹುಡುಕುವ ವಿದ್ಯಾರ್ಥಿ ಬರೀ ಅಲಿಫ್ ಒತ್ತುತ್ತಾನೆ. ತಪ್ಪೇನಲ್ಲ, ಅವಸರದಲ್ಲಿ ಜಾಸ್ತಿ ಜನ ಬರೆಯೋದೇ ಹಾಗೆ. ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಅಕ್ಷರ. ಹಳೆಯ ಸಾಫ್ಟ್‌ವೇರ್ 'ಏನೂ ಸಿಗಲಿಲ್ಲ' ಅನ್ನುತ್ತಿತ್ತು. ಪುಸ್ತಕ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇರುತ್ತಿತ್ತು!

ಕಂಪನಿಗೆ ಬರೆದೆವು. ಮುಂದಿನ ಆವೃತ್ತಿಯಲ್ಲಿ ನೋಡೋಣ ಅಂದರು. ಕೊನೆಗೆ ಒಂದೊಂದು ಹೆಸರನ್ನೂ ನಾವೇ ಎರಡೆರಡು ಥರ ಬರೆದು ಸೇರಿಸಿದೆವು. ಪುಸ್ತಕ ಇಲ್ಲ ಅಂತ ವಾಪಸ್ ಹೋದ ಹುಡುಗರನ್ನು ನೆನೆದರೆ ಈಗಲೂ ಬೇಜಾರು.

ಕೊಹಾ ಕೂಡ ಹಾಕಿದ ಕೂಡಲೇ ಸರಿಹೋಗಲ್ಲ. ನಮ್ಮಲ್ಲಿ ಅದರ ಹುಡುಕಾಟ ನೋಡಿಕೊಳ್ಳುವುದು ಜೀಬ್ರಾ ಎಂಬ ಒಳಗಿನ ಪ್ರೋಗ್ರಾಂ. ಅದನ್ನು ಬೇರೆ ಬೇರೆ ಲಿಪಿಗಳನ್ನು ನಿಭಾಯಿಸುವ ಐಸಿಯು ಕ್ರಮಕ್ಕೆ ಬದಲಿಸಿ, ಹಮ್ಜಾ ಇರುವ ಅಲಿಫನ್ನೂ ಬರೀ ಅಲಿಫ್ ಎಂದೇ ಎಣಿಸು ಅಂತ ಒಂದು ಫೈಲಿನಲ್ಲಿ ಬರೆಯಬೇಕು. ಆಮೇಲೆ ಇಡೀ ಇಂಡೆಕ್ಸ್ ಮತ್ತೆ ಕಟ್ಟಿಸಬೇಕು. ನಮಗೆ ಎರಡು ರಜಾ ದಿನ ಹಿಡಿಯಿತು. ಪದದ ಕೊನೆಗೆ ಬರುವ, ಹಲವರು 'ಹಾ' ಅಂತ ಬರೆದುಬಿಡುವ ತಾ ಮರ್ಬೂತಾ ಅಕ್ಷರದ ಗೋಜಲನ್ನೂ ಅದೇ ಫೈಲಿನಲ್ಲಿ ಬಿಡಿಸಿದೆವು. ಯಾರನ್ನೂ ಕೇಳಬೇಕಾಗಲಿಲ್ಲ.

ಬಲದಿಂದ ಎಡಕ್ಕೆ ಓದುವ ಅರಬಿ ಪರದೆ ಎರಡರಲ್ಲೂ ಚೆನ್ನಾಗಿದೆ. ಪುಸ್ತಕ ಖರೀದಿಯ ಲೆಕ್ಕ ಹಳೆಯದರಲ್ಲೇ ಸಲೀಸು.

ಹೊರಗಿನಿಂದ ರೆಕಾರ್ಡ್ ತರುವಾಗ ಎರಡರಲ್ಲೂ 245ನೇ ಫೀಲ್ಡ್, ಅಂದರೆ ಪುಸ್ತಕದ ಹೆಸರಿನ ಜಾಗ, ನೋಡಿಕೊಳ್ಳಿ. ಹೆಸರುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುವಾಗ ಮೊದಲಿನ ಎಷ್ಟು ಅಕ್ಷರ ಬಿಡಬೇಕು ಅಂತ ಅಲ್ಲಿರುತ್ತದೆ. ರೋಮನ್ ಲಿಪಿಯಲ್ಲಿ 'ಅಲ್' ಜೊತೆ ಅಡ್ಡಗೆರೆಯೂ ಸೇರಿ 3 ಅಕ್ಷರ ಬಿಡಬೇಕು, ಅರಬಿಯಲ್ಲಿ 2. ಅರಬಿಯಲ್ಲೂ ಮೂರೇ ಉಳಿದರೆ 'ಅಲ್-ಕಿತಾಬ್' ಹೋಗಿ 'ತಾಬ್' ಜಾಗದಲ್ಲಿ ಕೂರುತ್ತದೆ.

ಕೊಹಾ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ್ದು, 2000ದಿಂದ ಬಳಕೆಯಲ್ಲಿದೆ. ಮಾವೊರಿ ಭಾಷೆಯಲ್ಲಿ ಕೊಹಾ ಅಂದರೆ ಉಡುಗೊರೆ. ಲೈಸೆನ್ಸ್ ಹಣ ಇಲ್ಲ. ಸರ್ವರ್ ಖರ್ಚು, ಲಿನಕ್ಸ್ ಬಲ್ಲವರ ಸಂಬಳ ಇದ್ದೇ ಇದೆ. ನಮ್ಮಲ್ಲಿ ಅಂಥ ಒಬ್ಬ ತಮ್ಮ ಇದ್ದಾನೆ. ನಿಮ್ಮಲ್ಲಿ ಯಾರೂ ಇಲ್ಲ ಅಂದರೆ ದುಡ್ಡು ಕೊಟ್ಟು ಕೊಳ್ಳುವುದೇ ಮೇಲು. ಆದರೆ ಸಹಿ ಹಾಕೋ ಮೊದಲು ಹಮ್ಜಾ ಬಿಟ್ಟು ಅಹ್ಮದ್ ಅಂತ ಒಮ್ಮೆ ಹುಡುಕಿ ನೋಡಿ.