ಜಾಹೀರಾತು ಬರದ ಆ್ಯಪ್ ಅಂತ ಎಪಿಕೆ ಹಾಕಿಕೊಂಡೆ, ಆರು ವರ್ಷದ ಪೇಜ್ ಕೈತಪ್ಪಿತು

ಶ್ರಾವಣದ ಎರಡನೇ ವಾರ. ಬೆಳಗ್ಗೆ ಆರೂವರೆಗೆ ಗದಗಿನಿಂದ ಚಿಗವ್ವನ ಫೋನ್ ಬಂತು. "ರೊಕ್ಕ ಮುಟ್ಟಿತೇನವಾ? ಇನ್ನ ಬೇಕಾದ್ರ ಮಧ್ಯಾಹ್ನ ಹಾಕ್ತೇನಿ" ಅಂದರು. ಯಾವ ರೊಕ್ಕ ಅಂತ ಕೇಳಿದೆ. "ರಾತ್ರಿ ಹತ್ತಕ್ಕ ನೀನ ಕೇಳಿದ್ದೆಲ್ಲಾ, ಅರ್ಜೆಂಟ್ ಐತಿ ಅಂತ."

ನಾನು ಏನೂ ಕೇಳಿರಲಿಲ್ಲ. ರಾತ್ರಿ ಹತ್ತಕ್ಕೆ ನಾನು ಪಾರ್ಸಲ್ ಕಟ್ಟುತ್ತಾ ಕೂತಿದ್ದೆ.

ಚಿಗವ್ವ ಮೊದಲು 4,000, ಆಮೇಲೆ 2,500 ಕಳಿಸಿದ್ದರು. ಪಿಂಚಣಿಯ ಹಣ ಅದು. ಫೋನ್ ಇಟ್ಟು ನನ್ನ ಪೇಜ್ ತೆರೆಯಲು ಹೋದೆ. ಲಾಗಿನ್ ಆಗಲಿಲ್ಲ. ಪಾಸ್‌ವರ್ಡ್ ತಪ್ಪು ಅಂತ ಬಂತು. ಮರೆತಿದ್ದೇನೆ ಅಂತ ಒತ್ತಿದರೆ ನಾನು ಎಂದೂ ನೋಡದ ಒಂದು ಇಮೇಲಿಗೆ ಕೋಡ್ ಕಳಿಸುತ್ತೇವೆ ಎಂದಿತು.

ನಾನು ಹುಬ್ಬಳ್ಳಿಯಲ್ಲಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತೇನೆ. ಆರು ವರ್ಷವಾಯಿತು. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಫೋಟೊ ಹಾಕುವ ಒಂದು ಜಾಲತಾಣದಲ್ಲಿರುವ ಪೇಜೇ ನನ್ನ ಅಂಗಡಿ. ಸೆರಗಿನ ಫೋಟೊ ಹಾಕುತ್ತೇನೆ, ಜನ ಮೆಸೇಜ್ ಮಾಡುತ್ತಾರೆ, ಅಲ್ಲೇ ಮಾತಾಗಿ ಆರ್ಡರ್ ಆಗುತ್ತದೆ. ಶ್ರಾವಣದಿಂದ ಗೌರಿ ಹಬ್ಬದವರೆಗಿನ ವ್ಯಾಪಾರದಲ್ಲೇ ನಮ್ಮ ಅರ್ಧ ವರ್ಷ ಸಾಗುತ್ತದೆ. ಪೇಜ್ ಹೋಗಿದ್ದು ಸರಿಯಾಗಿ ಆಗಲೇ.

ಇಲ್ಲಿ ಜಾಲತಾಣದ ಹೆಸರನ್ನಾಗಲಿ, ಆ ಆ್ಯಪಿನ ಹೆಸರನ್ನಾಗಲಿ ಬರೆಯುವುದಿಲ್ಲ. ಇಂಥ ಆ್ಯಪ್‌ಗಳ ಹೆಸರು ಆಗಾಗ ಬದಲಾಗುತ್ತದೆ. ಒಂದು ಹೆಸರು ನೆನಪಿಟ್ಟುಕೊಂಡು ಇನ್ನೊಂದನ್ನು ಹಾಕಿಕೊಂಡರೆ ಏನು ಬಂತು? ಅವು ನಮ್ಮ ಫೋನಿನೊಳಗೆ ಹೇಗೆ ಬರುತ್ತವೆ ಅನ್ನುವುದನ್ನು ನೋಡಿಕೊಳ್ಳಿ.

ಆ ಜಾಲತಾಣದ ಸ್ವಂತ ಆ್ಯಪ್ ನನಗೆ ಸಾಕಾಗಿ ಹೋಗಿತ್ತು. ಒಂದು ಮೆಸೇಜ್ ನೋಡೋಣ ಅಂತ ತೆರೆದರೆ ಮೊದಲು ಬರುವುದು ಯಾರದ್ದೋ ಕುಣಿತದ ವಿಡಿಯೊ. ಬೆರಳು ತಾನಾಗಿಯೇ ಮೇಲೆ ಸರಿಸುತ್ತದೆ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ಯಾಕೆ ತೆರೆದೆ ಅನ್ನುವುದೂ ಮರೆತಿರುತ್ತದೆ. ನಾಲ್ಕು ಫೋಟೊಗೆ ಒಂದು ಜಾಹೀರಾತು. ನನ್ನ ಹಳೆಯ ಫೋನಿನಲ್ಲಿ ಜಾಗವೂ ಕಡಿಮೆ. ಇದು ನಿಮ್ಮಲ್ಲೂ ಎಷ್ಟೋ ಜನರ ಗೋಳು ಅಂತ ಗೊತ್ತು. ಹಾಗಾಗಿ ಆ ಆ್ಯಪ್ ಬಿಟ್ಟು ಬೇರೆ ದಾರಿ ಹುಡುಕಿದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಹಿಡಿದ ದಾರಿ ತಪ್ಪಾಗಿತ್ತು.

ನಮ್ಮ ಮೈದುನ ಒಂದು ಎಪಿಕೆ ಕಳಿಸಿದ, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕಿಕೊಳ್ಳುವ ಫೈಲ್. "ವೈನಿ, ಇದನ್ನ ಹಾಕ್ಕೊರಿ, ಆ್ಯಡ್ ಬರಂಗಿಲ್ಲ, ವಿಡಿಯೊ ಬಂದ್ ಮಾಡಬಹುದು" ಅಂದ. ಅವನಿಗೆ ಟೆಲಿಗ್ರಾಂ ಚಾನೆಲ್ ಒಂದರಲ್ಲಿ ಸಿಕ್ಕಿದ್ದು. ಅವನೂ ಬಳಸುತ್ತಿದ್ದ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಫೈಲ್ ಒತ್ತಿದ ಕೂಡಲೇ ಫೋನ್ ತಡೆಯಿತು: ಅಪರಿಚಿತ ಮೂಲದಿಂದ ಬಂದ ಆ್ಯಪ್. ಅನುಮತಿ ಕೊಟ್ಟೆ. ಆ್ಯಪ್‌ಗಳನ್ನು ಪರೀಕ್ಷಿಸುವ ಗೂಗಲ್‌ನ ಕಾವಲು ಪ್ಲೇ ಪ್ರೊಟೆಕ್ಟ್ ಇನ್ನೊಮ್ಮೆ ತಡೆಯಿತು, ಇದು ಅಪಾಯ ಇರಬಹುದು ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ 'ಆದರೂ ಇನ್‌ಸ್ಟಾಲ್ ಮಾಡಿ' ಅಂತ ಇತ್ತು. ಅದನ್ನೂ ಒತ್ತಿದೆ. ಆಮೇಲೆ ಆ್ಯಪ್ ನೋಟಿಫಿಕೇಶನ್ ಓದುವ ಅನುಮತಿ ಕೇಳಿತು, ಆ್ಯಕ್ಸೆಸಿಬಿಲಿಟಿ ಅನುಮತಿ, ಅಂದರೆ ಪರದೆ ಮೇಲಿರುವುದನ್ನು ಓದಿ ನಮ್ಮ ಬದಲು ಒತ್ತುವ ಅನುಮತಿ ಕೇಳಿತು. ಫೋಟೊ ಡೌನ್‌ಲೋಡ್ ಮಾಡಲು ಬೇಕು ಅಂತ ಕಾರಣ ಬರೆದಿತ್ತು. ಎರಡನ್ನೂ ಕೊಟ್ಟೆ. ಕೊನೆಗೆ ಲಾಗಿನ್ ಪುಟ. ಬಣ್ಣ, ಗುರುತು, ಅಕ್ಷರ ಎಲ್ಲ ಅಸಲಿನಂತೆಯೇ. ಪಾಸ್‌ವರ್ಡ್ ಹಾಕಿದೆ, ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕಿದೆ.

ಮೂರು ವಾರ ಅದು ಹೇಳಿದಂತೆಯೇ ನಡೆಯಿತು. ಜಾಹೀರಾತು ಇಲ್ಲ, ಕುಣಿತ ಇಲ್ಲ, ನನ್ನ ಗಿರಾಕಿಗಳ ಮೆಸೇಜ್ ಮಾತ್ರ. ನಾನೇ ಇಬ್ಬರು ಗೆಳತಿಯರಿಗೆ ಆ ಫೈಲ್ ಕಳಿಸಿದೆ. ಇದನ್ನು ಬರೆಯುವಾಗ ನನಗೆ ತುಂಬಾ ಸಂಕಟವಾಗುತ್ತಿದೆ. ಚಿಗವ್ವನ ಫೋನ್ ಬಂದ ಬೆಳಗ್ಗೆಯೇ ಇಬ್ಬರಿಗೂ ಫೋನ್ ಮಾಡಿ ತೆಗೆಸಿದೆ, ಅವರ ಖಾತೆಗಳು ಉಳಿದವು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿ ಕೂತು ಬಿಡಿಸಿ ಹೇಳಿದಳು. ಒಮ್ಮೆ ಲಾಗಿನ್ ಆದ ಮೇಲೆ ಜಾಲತಾಣ ನಮ್ಮ ಫೋನಿಗೆ ಒಂದು ಗುರುತಿನ ಚೀಟಿ ಕೊಡುತ್ತದಂತೆ. ಆ ಚೀಟಿ ಇರುವವರೆಗೆ ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ, ಒಟಿಪಿಯನ್ನೂ ಕೇಳುವುದಿಲ್ಲ. ನಕಲಿ ಆ್ಯಪ್ ಆ ಚೀಟಿಯ ಒಂದು ಪ್ರತಿಯನ್ನು ಬೇರೆಯವರಿಗೆ ಕಳಿಸಿಬಿಟ್ಟರೆ ಅವರು ನನ್ನ ಹೆಸರಿನಲ್ಲಿ ಒಳಗೆ ಬಂದಂತೆಯೇ. ಪಾಸ್‌ವರ್ಡ್ ಅಂತೂ ನಾನೇ ಬರೆದು ಕೊಟ್ಟಿದ್ದೆ. ಇಮೇಲ್ ಬದಲಿಸಲು ಮೊಬೈಲಿಗೆ ಬರುವ ಕೋಡ್ ಬೇಕಲ್ಲ ಅಂದರೆ, ನೋಟಿಫಿಕೇಶನ್ ಓದುವ ಅನುಮತಿಯನ್ನೂ ನಾನೇ ಕೊಟ್ಟಿದ್ದೆ. ಹೊಸ ಕೋಡ್ ಬಂದರೆ ಅದು ನನಗಿಂತ ಮೊದಲು ಆ ಆ್ಯಪಿಗೆ ಕಾಣುತ್ತದೆ. ಒಟಿಪಿ ಇಟ್ಟಿದ್ದೇನೆ, ಇನ್ನೇನು ಭಯ ಅಂತ ನಾನು ನಂಬಿಕೊಂಡಿದ್ದೆ. ನೀವೂ ಹಾಗೆ ನಂಬಿದ್ದರೆ ದಯವಿಟ್ಟು ಈ ಸಾಲುಗಳನ್ನು ಇನ್ನೊಮ್ಮೆ ಓದಿ.

ಹಳೆಯ ಇಮೇಲ್ ತೆರೆದು ನೋಡಿದರೆ ಹಿಂದಿನ ರಾತ್ರಿ 9:12ಕ್ಕೆ ಒಂದು ಮೇಲ್ ಬಂದಿತ್ತು: ನಿಮ್ಮ ಇಮೇಲ್ ಬದಲಾಗಿದೆ, ಇದು ನೀವಲ್ಲದಿದ್ದರೆ ಇಲ್ಲಿ ಒತ್ತಿ. ನಾನು ಆ ಇನ್‌ಬಾಕ್ಸ್ ನೋಡುವುದೇ ಹಬ್ಬಕ್ಕೋ ಹುಣ್ಣಿಮೆಗೋ. ಆ ಲಿಂಕಿನಿಂದಲೇ ಖಾತೆ ವಾಪಸ್ ಕೇಳಿದೆ. ಮುಖದ ವಿಡಿಯೊ ಕಳಿಸಿ ಎಂದಿತು. ನನ್ನ ಪೇಜಿನಲ್ಲಿ ಇರುವುದೆಲ್ಲ ಸೀರೆ, ನನ್ನ ಮುಖ ಎಲ್ಲಿದೆ? ಮೊದಲ ಎರಡು ಸಲ ಆಗುವುದಿಲ್ಲ ಅಂತ ಉತ್ತರ ಬಂತು. 2021ರಲ್ಲಿ ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗದ ಪಕ್ಕ ನಿಂತು ತೆಗೆಸಿಕೊಂಡ ಒಂದೇ ಒಂದು ಫೋಟೊ ಇತ್ತು. ಅದೇ ಕೈ ಹಿಡಿಯಿತು ಅಂತ ತೋರುತ್ತದೆ. ಹನ್ನೊಂದನೇ ದಿನ ಪೇಜ್ ವಾಪಸ್ ಬಂತು. ಟೋಪತೆನಿ ಸೆರಗಿನ ಹಳೆಯ ಫೋಟೊಗಳು ಹೆಚ್ಚು ಕಡಿಮೆ ಎಲ್ಲ ಇದ್ದವು. ಆದರೆ ನಡುವೆ, ಹಣ ಹಾಕಿದರೆ ದುಪ್ಪಟ್ಟು ಆಗುತ್ತದೆ ಅನ್ನುವ ಪೋಸ್ಟುಗಳು. ನನ್ನ ಪೇಜಿನ ಹೆಸರಲ್ಲಿ.

ಚಿಗವ್ವನ ಹಣ ಇನ್ನೂ ಬಂದಿಲ್ಲ. ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ ದೂರು ಕೊಟ್ಟೆವು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ಬರೆದೆವು. ಆದರೆ ಅಷ್ಟರಲ್ಲಿ ರಾತ್ರಿ ಪೂರ್ತಿ ಕಳೆದಿತ್ತು. ಇಂಥ ದೂರಿನಲ್ಲಿ ಮೊದಲ ಒಂದೆರಡು ಗಂಟೆ ಬಹಳ ಮುಖ್ಯ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಾ ಹೋದಷ್ಟೂ ಅದನ್ನು ತಡೆಯುವುದು ಕಷ್ಟ. ಮೆಸೇಜ್ ಬಂದ ಕೂಡಲೇ ಒಂದು ಫೋನ್ ಮಾಡಿದ್ದರೆ ಸಾಕಿತ್ತು ಅಂತ ಚಿಗವ್ವ ಈಗ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ಯಾವಾಗಲೂ "ಚಿಗವ್ವಾ, ಊಟ ಆತೇನು" ಅಂತಲೇ ಶುರು ಮಾಡುವವಳು. ಅವತ್ತು ಬಂದದ್ದು ಇಂಗ್ಲಿಷ್ ಅಕ್ಷರದಲ್ಲಿ ಬರೀ "ಅರ್ಜೆಂಟ್". "ಗಡಿಬಿಡ್ಯಾಗ ಇದ್ದೀ ಅನಕೊಂಡೆ" ಅಂದರು. ಅವರ ತಪ್ಪು ಏನಿದೆ ಹೇಳಿ.

ಇದು ನನ್ನೊಬ್ಬಳ ಕತೆ ಅಲ್ಲ. 2021ರ ಆಗಸ್ಟಿನಲ್ಲಿ ಎಫ್‌ಎಂ ವಾಟ್ಸ್ಆ್ಯಪ್ ಎಂಬ ಬದಲಾಯಿಸಿದ ಆ್ಯಪಿನಲ್ಲಿ ಟ್ರಯಾಡಾ ಎಂಬ ಕಳ್ಳ ತಂತ್ರಾಂಶ ಸೇರಿಕೊಂಡಿದೆ ಎಂದು ಆ್ಯಂಟಿವೈರಸ್ ಮಾಡುವ ಕ್ಯಾಸ್ಪರ್ಸ್ಕಿ ಕಂಪನಿ ಕಂಡುಹಿಡಿದಿತ್ತು. ಪ್ಲೇ ಸ್ಟೋರಿನಿಂದ ಹಾಕಿಕೊಂಡರೆ ಭಯ ಇಲ್ಲ ಅನ್ನುವ ಮಾತೂ ಪೂರ್ತಿ ನಿಜವಲ್ಲ. 2022ರ ಅಕ್ಟೋಬರಿನಲ್ಲಿ ಮೆಟಾ ಕಂಪನಿ ಫೇಸ್‌ಬುಕ್ ಪಾಸ್‌ವರ್ಡ್ ಕದಿಯುವ 400ಕ್ಕೂ ಹೆಚ್ಚು ಆ್ಯಪ್‌ಗಳನ್ನು ಪತ್ತೆ ಮಾಡಿತು. ಗೂಗಲ್ ಮತ್ತು ಆ್ಯಪಲ್‌ನ ಸ್ಟೋರ್‌ಗಳಲ್ಲೇ ಇದ್ದವು ಅವು. ಜಾಸ್ತಿ ಇದ್ದದ್ದು ಫೋಟೊ ಎಡಿಟರ್‌ಗಳು. ಫೇಸ್‌ಬುಕ್‌ನಿಂದ ಲಾಗಿನ್ ಆಗಿ ಅಂತ ಒಂದು ಪುಟ ತೋರಿಸುವುದು, ಬರೆದದ್ದನ್ನು ಕದಿಯುವುದು. ಅಷ್ಟೇ ಅವುಗಳ ಕೆಲಸ.

ಜಾಲತಾಣದವರಲ್ಲದೆ ಹೊರಗಿನವರು ಮಾಡಿದ ಆ್ಯಪ್ ಎಲ್ಲವೂ ಕಳ್ಳ ಅಂತ ಹೇಳಿದರೆ ಅದು ಅನ್ಯಾಯ. ಟ್ವಿಟರಿಗೆ ಟ್ವೀಟ್‌ಬಾಟ್, ಟ್ವಿಟರಿಫಿಕ್ ಅಂತ ಒಳ್ಳೆಯ ಆ್ಯಪ್‌ಗಳಿದ್ದವು. ವರ್ಷಗಟ್ಟಲೆ ಜನ ನಂಬಿ ಬಳಸಿದರು. 2023ರ ಜನವರಿಯಲ್ಲಿ ಟ್ವಿಟರ್ ಮುನ್ಸೂಚನೆಯನ್ನೂ ಕೊಡದೆ ಅವುಗಳನ್ನು ನಿಲ್ಲಿಸಿತು. ಅದೇ ವರ್ಷ ರೆಡಿಟ್ ಎಂಬ ಚರ್ಚೆಯ ಜಾಲತಾಣ ಹೊರಗಿನ ಆ್ಯಪ್‌ಗಳಿಗೆ ದರ ಹಾಕಿತು. ರೆಡಿಟ್ ಓದಲು ಅಪೊಲೊ ಆ್ಯಪ್ ಮಾಡಿದ ಕ್ರಿಶ್ಚಿಯನ್ ಸೆಲಿಗ್ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತಿತ್ತು. ಜೂನ್ 30ಕ್ಕೆ ಅಪೊಲೊ ಮುಚ್ಚಿತು. ಹೀಗೆ ನೇರ ಬಾಗಿಲು ಹಾಕಿದಷ್ಟೂ ನಮ್ಮಂಥವರು ಕಿಟಕಿ ಹುಡುಕುತ್ತೇವೆ. ಕಿಟಕಿಯ ಹತ್ತಿರ ಕಾಯುವವರು ಒಳ್ಳೆಯವರೇ ಆಗಿರುತ್ತಾರೆ ಅಂತ ಏನಿಲ್ಲ. ಇದರಲ್ಲಿ ದೊಡ್ಡ ಕಂಪನಿಗಳ ಪಾಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಒಳ್ಳೆಯದನ್ನು ಗುರುತಿಸಲು ತಂಗಿ ಒಂದು ಮಾತು ಹೇಳಿದಳು. ಹೊರಗಿನವರು ಮಾಡಿದ ಸರಿಯಾದ ಆ್ಯಪ್ ನಿಮ್ಮ ಪಾಸ್‌ವರ್ಡನ್ನು ತಾನು ಕೇಳುವುದಿಲ್ಲ. ಅದು ಬ್ರೌಸರ್ ತೆರೆದು ಜಾಲತಾಣದ ಸ್ವಂತ ಪುಟಕ್ಕೆ ಕಳಿಸುತ್ತದೆ. ಮೇಲೆ ವಿಳಾಸ ಕಾಣುತ್ತದೆ. 'ಈ ಆ್ಯಪಿಗೆ ಇಷ್ಟಿಷ್ಟು ಮಾಡಲು ಬಿಡಬಹುದೇ' ಅಂತ ಜಾಲತಾಣವೇ ನಮ್ಮನ್ನು ಕೇಳುತ್ತದೆ. ಬೇಡವಾದಾಗ ಸೆಟ್ಟಿಂಗ್ಸಿಗೆ ಹೋಗಿ ಆ ಅನುಮತಿ ತೆಗೆದುಬಿಡಬಹುದು. ಟ್ವಿಟರಿನಂಥದೇ ಜಾಲತಾಣ ಮ್ಯಾಸ್ಟೊಡಾನ್‌ಗೆ ಬೇರೆ ಬೇರೆಯವರು ಮಾಡಿದ ಎಷ್ಟೋ ಆ್ಯಪ್‌ಗಳು ಇದೇ ರೀತಿ ನಡೆಯುತ್ತವೆ. ನಾನು ಪಾಸ್‌ವರ್ಡ್ ಹಾಕಿದ ಪುಟದಲ್ಲಿ ಮೇಲೆ ವಿಳಾಸ ತೋರಿಸುವ ಜಾಗವೇ ಇರಲಿಲ್ಲ. ಅವತ್ತು ಅದು ಕಣ್ಣಿಗೆ ಬೀಳಲೇ ಇಲ್ಲ.

ಅಂಥ ಆ್ಯಪ್ ಈಗಾಗಲೇ ನಿಮ್ಮ ಫೋನಿನಲ್ಲಿದ್ದರೆ ಸುಮ್ನೆ ಅಳಿಸಿದರೆ ಸಾಲದು. ಬೇರೆ ಫೋನಿನಿಂದಲೋ ಕಂಪ್ಯೂಟರಿನಿಂದಲೋ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಅನ್ನುವುದನ್ನು ಒತ್ತಿ. ಆಗಲೇ ಆ ಹಳೆಯ ಚೀಟಿಗಳು ರದ್ದಾಗುವುದು. ಅದೇ ಪಾಸ್‌ವರ್ಡ್ ಇಮೇಲಿಗೂ ಇಟ್ಟಿದ್ದರೆ ಅದನ್ನೂ ಬದಲಿಸಿ. ನಾನು ಆ್ಯಕ್ಸೆಸಿಬಿಲಿಟಿ ಕೊಟ್ಟಿದ್ದರಿಂದ ಫೋನನ್ನೇ ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದೆ. ಅದೇ ಫೋನಿನಲ್ಲಿ ಬ್ಯಾಂಕಿನ ಆ್ಯಪೂ ಇತ್ತಲ್ಲ.

ಈಗ ನಾನು ಬ್ರೌಸರಿನಲ್ಲೇ ನೋಡುತ್ತೇನೆ. ವಿಳಾಸವನ್ನು ಕೈಯಾರೆ ಬರೆದು ಒಮ್ಮೆ ತೆರೆದು, ಹೋಂ ಸ್ಕ್ರೀನಿಗೆ ಸೇರಿಸಿಟ್ಟುಕೊಂಡಿದ್ದೇನೆ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದದ್ದನ್ನು ಒತ್ತುವುದಿಲ್ಲ. ಕೆಲವೊಮ್ಮೆ ಅಲ್ಲೂ ನಕಲಿ ಪುಟ ಜಾಹೀರಾತಾಗಿ ಕೂತಿರುತ್ತದೆ. ಫೋನಿನ ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಆ್ಯಡ್-ಆನ್ ಹಾಕಿದ ಮೇಲೆ ಜಾಹೀರಾತಿನ ಕಾಟ ಎಷ್ಟೋ ಕಡಿಮೆಯಾಯಿತು. ಫೋಟೊ ಹಾಕಬಹುದು, ಮೆಸೇಜ್ ಓದಬಹುದು. ಆ್ಯಪಿನಷ್ಟು ಚುರುಕಿಲ್ಲ, ನೋಟಿಫಿಕೇಶನ್ ಬಾರದ ಕಾರಣ ದಿನಕ್ಕೆ ಮೂರು ಸಲ ನಾನೇ ತೆರೆದು ನೋಡಬೇಕು. ಒಂದೆರಡು ಆರ್ಡರ್ ತಡವಾಗಿವೆ. ಆದರೂ ನನ್ನ ಕಾಂಟ್ಯಾಕ್ಟ್ ಪಟ್ಟಿ, ನನ್ನ ಎಸ್ಎಂಎಸ್ ಯಾವುದೂ ಆ ಪುಟಕ್ಕೆ ಸಿಗುವುದಿಲ್ಲ. ಅದು ದೊಡ್ಡ ನೆಮ್ಮದಿ. ಮೈದುನನ ಫೋನಿನಲ್ಲೂ ಹಾಗೆಯೇ ಮಾಡಿಸಿದ್ದೇನೆ.

ಇನ್ನೊಂದು ಮುಖ್ಯ ಮಾತು. ಶ್ರಾವಣದ ಆ ಹನ್ನೊಂದು ದಿನಗಳಲ್ಲಿ ನನ್ನ ಪೇಜಿನಿಂದ ಇಬ್ಬರು ಗಿರಾಕಿಗಳಿಗೆ ಸೀರೆಗೆ ಅಡ್ವಾನ್ಸ್ ಕೇಳಿದ ಮೆಸೇಜ್ ಹೋಗಿದೆ. ಅವರು ನನಗೆ ಫೋನ್ ಮಾಡಿದ್ದರಿಂದ ಗೊತ್ತಾಯಿತು. ಇನ್ನೂ ಯಾರಿಗಾದರೂ ಅಂಥ ಮೆಸೇಜ್ ಬಂದಿದ್ದರೆ ಅದು ನಾನಲ್ಲ. ಹಣ ಕಳಿಸಿದ್ದರೆ ಮೆಸೇಜಿನ ಸ್ಕ್ರೀನ್‌ಶಾಟ್ ಅಳಿಸಬೇಡಿ, 1930ಕ್ಕೆ ದೂರು ಕೊಡಿ, ಆಮೇಲೆ ಪಾರ್ಸಲ್ ಕವರಿನ ಮೇಲಿರುವ ನನ್ನ ನಂಬರಿಗೆ ಫೋನ್ ಮಾಡಿ. ದೂರಿಗೆ ಬೇಕಾದ ಕಾಗದ ಪತ್ರ ನನ್ನ ಹತ್ತಿರ ಇರುವುದನ್ನೆಲ್ಲ ಕೊಡುತ್ತೇನೆ.