ಬ್ಯಾಲೆ ಕ್ಲಾಸು, ಸ್ಟೆಪ್ಪು ಕ್ಲಾಸು, ನೆಲದ ಕ್ಲಾಸು: ನನ್ನ ಮಂಡಿ ಆರಿಸಿದ್ದು ಮೂರನೆಯದನ್ನು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮೂರನೆಯದಕ್ಕೆ. ಅದಕ್ಕೆ ಕಾರಣ ನನ್ನ ಬಲಮಂಡಿ ಮತ್ತು ವಾಪಸ್ ಬಾರದ 15,000 ರೂಪಾಯಿ.

ಚಿಕ್ಕಂದಿನಲ್ಲಿ ಮೈಸೂರಲ್ಲಿ ಎಂಟು ವರ್ಷ ಭರತನಾಟ್ಯ ಕಲಿತಿದ್ದೆ. ಜೂನಿಯರ್ ಪರೀಕ್ಷೆ ಪಾಸಾಯಿತು, ಪಿಯುಸಿ ಬಂತು, ಗೆಜ್ಜೆ ಅಟ್ಟ ಸೇರಿತು. 41ನೇ ವಯಸ್ಸಿಗೆ ಮತ್ತೆ ಕುಣಿಯೋ ಆಸೆ ಹುಟ್ಟಿತು. ಈ ಸಲ ಬೇರೆ ಏನಾದರೂ ಇರಲಿ ಅಂತ ಪಾಶ್ಚಾತ್ಯರ ಬ್ಯಾಲೆ, ಕಂಟೆಂಪರರಿ ಅನ್ನೋ ಈ ಕಾಲದ ನೃತ್ಯದ ಕಡೆ ಹೋದೆ. ಒಂದೂವರೆ ವರ್ಷದಲ್ಲಿ ಬೆಂಗಳೂರಲ್ಲೇ ಮೂರು ಕಡೆ ಕಾಲಿಟ್ಟೆ. ಯಾರ ಹೆಸರೂ ಹೇಳಲ್ಲ.

ಒಂದನೆಯದು ಬ್ಯಾಲೆ. ಗೋಡೆ ತುಂಬ ಕನ್ನಡಿ, ಒಳ್ಳೆ ಮರದ ನೆಲ, ಹಿನ್ನೆಲೆಗೆ ಪಿಯಾನೋ. ಮೂರು ತಿಂಗಳಿಗೆ 15,000, ಒಟ್ಟಿಗೇ ಕಟ್ಟಬೇಕು. ಎರಡನೆಯದು ಕಂಟೆಂಪರರಿ ಅನ್ನೋ ಬೋರ್ಡಿನ ಸ್ಟೆಪ್ಪು ಕ್ಲಾಸು, ತಿಂಗಳಿಗೆ 3,000. ಮೂರನೆಯದು ಶನಿವಾರ ಬೆಳಿಗ್ಗೆ, ಒಂದು ಶಾಲೆಯ ಮಹಡಿಯ ಹಾಲಿನಲ್ಲಿ. ಕ್ಲಾಸಿಗೆ 600, ಹೋದ ದಿನ ಕೊಟ್ಟರೆ ಸಾಕು. ಅಲ್ಲಿ ಒಬ್ಬರೇ ಟೀಚರ್ ಬ್ಯಾಲೆ, ಕಂಟೆಂಪರರಿ, ಜೋಡಿ ಕುಣಿತ ಮೂರನ್ನೂ ಹೇಳಿಕೊಡುತ್ತಾರೆ. ಆದರೆ ಪ್ರತಿ ಸಲ ಶುರುವಾಗೋದು ನೆಲದ ಮೇಲೆ ಅಂಗಾತ ಮಲಗಿ.

ಈಗ ಮಂಡಿ ಕಥೆ.

ಬ್ಯಾಲೆಯಲ್ಲಿ ಕಾಲು ಹೊರಕ್ಕೆ ತಿರುಗಿರಬೇಕು. ಹಿಮ್ಮಡಿ ಹಿಮ್ಮಡಿ ತಾಗಿಸಿ, ಬೆರಳು ಎರಡೂ ಪಕ್ಕಕ್ಕೆ. ಭರತನಾಟ್ಯದ ಅರೆಮಂಡಿಯಲ್ಲಿ, ಅಂದರೆ ಪಾದ ಹೊರಕ್ಕೆ ತಿರುಗಿಸಿ ಮಂಡಿ ಮಡಿಸಿ ಅರ್ಧ ಕೂರೋ ಭಂಗಿಯಲ್ಲಿ, ಬೆಳೆದವಳಿಗೆ ಇದೇನು ಮಹಾ ಅಂದುಕೊಂಡೆ. ಅಲ್ಲಿ ಟೀಚರ್ ಹೇಳುತ್ತಿದ್ದದ್ದು ಒಂದೇ: ಇನ್ನೂ ತಿರುಗಿಸಿ. ಪಕ್ಕದಲ್ಲಿ 14 ವರ್ಷದ ಹುಡುಗಿಯರು ಗಡಿಯಾರದ ಒಂಬತ್ತೂ ಕಾಲಿನ ಮುಳ್ಳುಗಳ ಹಾಗೆ ಪಾದ ಇಟ್ಟು ನಿಂತಿದ್ದರು. ನಾನೂ ಮಂಡಿ ಸ್ವಲ್ಪ ಮಡಿಸಿ, ಪಾದವನ್ನು ನೆಲಕ್ಕೆ ಒತ್ತಿ ತಿರುಗಿಸಿಕೊಂಡು, ಆಮೇಲೆ ಮಂಡಿ ನೆಟ್ಟಗೆ ಮಾಡಿದೆ. ಕನ್ನಡಿಯಲ್ಲಿ ಚೆಂದ ಕಾಣಿಸಿತು. ಟೀಚರ್ ಭೇಷ್ ಅಂದರು. ಐದನೇ ವಾರಕ್ಕೆ ಮೆಟ್ಟಿಲು ಇಳಿಯುವಾಗ ಮಂಡಿಯ ಒಳಬದಿ ಚುಳ್ ಅನ್ನೋಕೆ ಶುರುವಾಯಿತು. ಏಳನೇ ವಾರಕ್ಕೆ ಇಂಡಿಯನ್ ಟಾಯ್ಲೆಟ್ಟಿಂದ ಏಳೋಕೂ ನಲ್ಲಿ ಹಿಡಿಯಬೇಕಾಯಿತು. ಫಿಸಿಯೋ ಹತ್ತಿರ ಹೋದರೆ ಎರಡು ತಿಂಗಳು ಕುಣಿಯೋದು ಬಂದ್ ಅಂದರು. ಬ್ಯಾಲೆ ಕ್ಲಾಸಿನವರನ್ನು ಫೀಸು ವಾಪಸ್ ಕೇಳಿದೆ. ರಸೀದಿ ತಿರುಗಿಸಿ ನೋಡಿ ಮೇಡಂ ಅಂದರು. ವಾಪಸ್ ಇಲ್ಲ ಅಂತ ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು.

ಆಗಿದ್ದೇನು ಅಂತ ಗೊತ್ತಾಗಿದ್ದು ಆ ಶನಿವಾರದ ನೆಲದ ಕ್ಲಾಸಲ್ಲಿ. ಅಲ್ಲಿನ ಟೀಚರ್ ಮೊದಲ ದಿನ ಕೇಳಿದ್ದು, 'ನಿಮ್ಮ ಕಾಲು ಎಲ್ಲಿಂದ ಶುರು? ಕೈಯಿಟ್ಟು ತೋರಿಸಿ.' ಎಲ್ಲರೂ ಸೊಂಟದ ಪಕ್ಕದ ಮೂಳೆ ಮೇಲೆ ಕೈ ಇಟ್ಟೆವು. ಅಲ್ಲ. ಕೂತಾಗ ಲಂಗದ ಬಟ್ಟೆ ಮಡಿಕೆ ಬೀಳುತ್ತಲ್ಲ, ಆ ತೊಡೆಸಂದಿನ ಒಳಗೆ ಆಳದಲ್ಲಿದೆ ಕೀಲು. ತೊಡೆಮೂಳೆಯ ಗುಂಡು ತಲೆ ಅಲ್ಲೊಂದು ಬಟ್ಟಲಲ್ಲಿ ಕೂತಿರುತ್ತದೆ. ಆ ಬಟ್ಟಲು ಎಷ್ಟು ಆಳ, ಯಾವ ಕಡೆಗೆ ಮುಖ ಮಾಡಿದೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಕಾಲು ಮುಖ್ಯವಾಗಿ ತಿರುಗಬೇಕಾದ್ದು ಅಲ್ಲಿಂದ. ಮಂಡಿ ಬಾಗಿಲ ತಿರುಗಣಿ ಇದ್ದ ಹಾಗೆ. ಮಡಿಸಿದಾಗ ಒಂಚೂರು ತಿರುಗುತ್ತದೆ, ನೆಟ್ಟಗಾದರೆ ಬಹುಪಾಲು ಬಿಗಿ. ನಾನು ಮಡಿಸಿದಾಗ ಕದ್ದ ಆ ಒಂಚೂರನ್ನು, ನೆಟ್ಟಗೆ ಮಾಡುವಾಗ ಮಂಡಿಯೇ ತೀರಿಸುತ್ತಿತ್ತು. ಒದ್ದೆ ಬಟ್ಟೆ ಹಿಂಡೋ ಹಾಗೆ.

ಆಮೇಲೆ ಅವರು ಒಂದು ಪರೀಕ್ಷೆ ಮಾಡಿಸಿದರು. ಇದನ್ನು ನೀವೂ ಮನೆಯಲ್ಲಿ ಮಾಡಬಹುದು, ಪಕ್ಕದಲ್ಲಿ ಹಿಡಿಯೋಕೆ ಟೇಬಲ್ ಇರಲಿ. ಕಾಲುಚೀಲ ಹಾಕಿ ನುಣುಪಾದ ನೆಲದ ಮೇಲೆ ನಿಲ್ಲಿ. ಮಂಡಿ ನೆಟ್ಟಗಿಟ್ಟು, ತೊಡೆ ಬುಡದಿಂದ ಮಾತ್ರ ಕಾಲು ತಿರುಗಿಸಿ. ಜಾರುವ ನೆಲ ಪಾದವನ್ನು ಹಿಡಿದುಕೊಳ್ಳಲ್ಲ, ಹಾಗಾಗಿ ಕಳ್ಳಾಟ ನಡೆಯಲ್ಲ. ನನ್ನ ಪಾದ ಗಡಿಯಾರದ ಹತ್ತೂ ಹತ್ತಕ್ಕೆ ನಿಂತುಬಿಟ್ಟಿತು. ಒಂಬತ್ತೂ ಕಾಲು ಎಲ್ಲಿ, ಹತ್ತೂ ಹತ್ತು ಎಲ್ಲಿ! ಟೀಚರ್ ಅಂದರು, 'ಇದೇ ನಿಮ್ಮದು. ಇದರಲ್ಲೇ ಪ್ಲಿಯೇ ಮಾಡಿ.' ಪ್ಲಿಯೇ ಅಂದರೆ ಬ್ಯಾಲೆಯಲ್ಲಿ ಮಂಡಿ ಮಡಿಸೋದು. ಆರು ತಿಂಗಳ ಮೇಲೆ ಗಡಿಯಾರದ ಮುಳ್ಳು ಒಂದೆರಡು ನಿಮಿಷ ಸರಿದಷ್ಟು ಜಾಸ್ತಿ ತಿರುಗುತ್ತಿದೆ, ಅಷ್ಟೇ. ನೋವಿಲ್ಲ.

ಒಂದು ಮಾತು. ನಮ್ಮ ಭರತನಾಟ್ಯದ ಟೀಚರೂ ತಟ್ಟುಕೋಲು ಹಿಡಿದು 'ಕೂರೇ, ಇನ್ನೂ ಕೂರೇ' ಅಂತಲೇ ಇದ್ದರು. ಆಗ ಮಂಡಿ 10 ವರ್ಷದ್ದು, ಬೈಸಿಕೊಂಡೂ ಸುಮ್ನಿತ್ತು.

ಜೋಡಿ ಕುಣಿತದ ವಿಷಯಕ್ಕೆ ಬರೋಣ. ಬ್ಯಾಲೆ ಕ್ಲಾಸಲ್ಲಿ ಒಂದು ಭಾನುವಾರ ಅದನ್ನೂ ಮಾಡಿಸಿದ್ದರು. ಒಬ್ಬ ಹುಡುಗ ಸೊಂಟ ಹಿಡಿಯಬೇಕು, ಮೂರು ಎಣಿಸಿದಾಗ ಎತ್ತಬೇಕು. ಅವನು ಎರಡೂವರೆಗೇ ಎತ್ತಿದ, ನಾನು ಮೂರಕ್ಕೆ ಹಾರಿದೆ. ಅಕ್ಕಿ ಮೂಟೆ ಎತ್ತಿದ ಹಾಗಾಯಿತು. ಪಾಪ ಅವನ ಕೈ ನಡುಗುತ್ತಿತ್ತು, ನನ್ನ ಪಕ್ಕೆಯಲ್ಲಿ ಬೆರಳಚ್ಚು ಮೂಡಿತ್ತು.

ಶನಿವಾರದ ಕ್ಲಾಸಲ್ಲಿ ಎತ್ತೋ ಮಾತೇ ಇರಲಿಲ್ಲ, ಎರಡು ತಿಂಗಳು. ಅಮೆರಿಕದಲ್ಲಿ 1972ರಲ್ಲಿ ನೃತ್ಯಗಾರ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್, ಅಂದರೆ ಮೈಗೆ ಮೈ ತಾಗಿಸಿ ಭಾರ ಹಂಚಿಕೊಂಡು ಆ ಕ್ಷಣಕ್ಕೆ ತೋಚಿದ ಹಾಗೆ ಕುಣಿಯೋ ಪದ್ಧತಿಯಿಂದ ತುಂಬಾ ತಗೊಂಡಿದ್ದಾರೆ ಈ ಟೀಚರ್. ಮೊದಲು ಬೆನ್ನಿಗೆ ಬೆನ್ನು ಕೊಟ್ಟು ಕೂತು, ಕೈ ಊರದೆ ಒಟ್ಟಿಗೆ ಏಳೋದು. ಆಮೇಲೆ ಮಣಿಕಟ್ಟು ಹಿಡಿದು ಇಬ್ಬರೂ ಹಿಂದಕ್ಕೆ ವಾಲೋದು. ಹುಡುಗಿಯರು ಕೈಹಿಡಿದು ಗರಗರ ತಿರುಗೋ ಫುಗಡಿ ಆಡಿದ್ದರೆ ನಿಮಗೆ ಈ ಹಿಡಿತ ಗೊತ್ತಿರುತ್ತದೆ. ನನ್ನ ಜೋಡಿಗೆ ಬಂದವರು ನನಗಿಂತ 20 ಕೆಜಿ ಜಾಸ್ತಿ. ನಾನು ಅವರನ್ನು ಎಳೆದು ನಿಲ್ಲಿಸೋಕೆ ಹೋಗಿ ಸೊಂಟ ಹಿಂದೆ ಬಿಟ್ಟೆ, ಮುಗ್ಗರಿಸಿದೆ. 'ಅವರನ್ನ ಹಿಡ್ಕೋಬೇಡಿ, ನಿಮ್ಮ ಭಾರ ಅವರಿಗೆ ಕೊಡಿ' ಅಂದರು ಟೀಚರ್. ಪಾದ ಹತ್ತಿರ ತಂದು, ಮೈ ಹಲಗೆ ಥರ ಮಾಡಿ ವಾಲಿದೆ. ನಿಂತಿತು! ತೋಳಿಗೆ ಕೆಲಸವೇ ಇಲ್ಲ.

ಎತ್ತೋದು ಬಂದಾಗಲೂ ಅದೇ ಲೆಕ್ಕ. ಒಬ್ಬರು ಅಂಬೆಗಾಲಲ್ಲಿ ನಿಂತರೆ ಇನ್ನೊಬ್ಬರು ಅವರ ಸೊಂಟದ ಹಿಂಬದಿಯ ಗಟ್ಟಿ ಮೂಳೆ ಮೇಲೆ ಭಾರ ಇಟ್ಟು ಅಡ್ಡ ಮಲಗೋದು. ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲ ಸೇರುತ್ತದೆ. ಇಷ್ಟಾದ ಮೇಲೆ ಒಂದು ದಿನ ಅದೇ ಬ್ಯಾಲೆ ಲಿಫ್ಟ್ ಮಾಡಿಸಿದರು. ಎಣಿಕೆ ಇಲ್ಲ. ಜೋಡಿಯಲ್ಲಿದ್ದವರ ಕೈಗೆ ನನ್ನ ಉಸಿರು, ನಾನು ಮಂಡಿ ಮಡಿಸೋದು ಗೊತ್ತಾಗುತ್ತಿತ್ತು, ಏಳೋ ಹೊತ್ತಿಗೆ ಸರಿಯಾಗಿ ಎತ್ತಿದರು. ಬ್ಯಾಲೆಯಲ್ಲೂ ಇರಬೇಕಾದ್ದು ಇದೇ. ಅಲ್ಲಿ ನನಗೆ ಯಾರೂ ಹೇಳಲಿಲ್ಲ.

ನಮ್ಮ ಅತ್ತೆಗೆ ಫೋನಿನಲ್ಲಿ ಫೋಟೋ ತೋರಿಸಿದೆ. 'ಅಲ್ಲ ಕಣೇ, ಯಾರದೋ ಬೆನ್ನ ಮೇಲೆ ಮಲಗೋಕೆ ಆರ್ನೂರು ರೂಪಾಯಿ ಕೊಡ್ತೀಯಾ?' ಅಂದರು. ಮುಜುಗರ ನನಗೂ ಇತ್ತು. ಪ್ರತಿ ಸಲ 'ಮುಟ್ಟಬಹುದಾ?' ಅಂತ ಕೇಳೋದು, ಬೇಡ ಅಂದರೆ ಕಾರಣ ಕೇಳದೆ ಬಿಡೋದು ಅಲ್ಲಿನ ನಿಯಮ. ಮೂರನೇ ವಾರಕ್ಕೆ ಮುಜುಗರ ಹೋಯಿತು.

ಸ್ಟೆಪ್ಪು ಕ್ಲಾಸಿನ ಬಗ್ಗೆ ಹೇಳೋದು ಕಮ್ಮಿ. ಖುಷಿ ಜಾಸ್ತಿ, ಬೆವರು ಜಾಸ್ತಿ, ಕೊನೆ ಕಾಲು ಗಂಟೆ ರೀಲ್ಸ್. ಟೈಲ್ಸ್ ನೆಲದ ಮೇಲೆ ಮಂಡಿ ಊರಿ ಬೀಳೋ ಸ್ಟೆಪ್ಪು ಬಂದ ದಿನ ನಮಸ್ಕಾರ ಹೇಳಿ ಬಂದೆ.

ಹಾಗಂತ ಮೂರನೆಯದರಲ್ಲಿ ಎಲ್ಲ ಸರಿ ಇಲ್ಲ. ಮೊದಲ 25 ನಿಮಿಷ ಮಲಗಿ 'ಬಲ ಹಿಮ್ಮಡಿಯ ಭಾರ ನೋಡಿ, ಎಡ ಹಿಮ್ಮಡಿಯ ಭಾರ ನೋಡಿ' ಅಂತಾರೆ. ಇದು ಫೆಲ್ಡನ್‌ಕ್ರೈಸ್ ಪದ್ಧತಿಯಿಂದ ಬಂದದ್ದು. ಮೋಶೆ ಫೆಲ್ಡನ್‌ಕ್ರೈಸ್ ಭೌತವಿಜ್ಞಾನಿ, ಜೂಡೋ ಪಟು. ಅವರಿಗೂ ಮಂಡಿಯದೇ ತೊಂದರೆ, ತಮ್ಮ ನಡಿಗೆಯನ್ನೇ ಗಮನಿಸುತ್ತಾ ಇದನ್ನು ಕಟ್ಟಿದರಂತೆ. ಗೌರವವಿದೆ. ಆದರೂ ಶುಕ್ರವಾರ ರಾತ್ರಿ ಆಫೀಸ್ ಕಾಲ್ ಮುಗಿಸಿ ಬಂದವಳನ್ನು ಬೆಳಿಗ್ಗೆ ಏಳಕ್ಕೆ ಮಲಗಿಸಿದರೆ ಏನಾಗುತ್ತೆ? ಎರಡು ಸಲ ಗೊರಕೆ ಹೊಡೆದಿದ್ದೀನಿ. ಇಲ್ಲಿ ಕನ್ನಡಿ ಇಲ್ಲ, ವೇದಿಕೆ ಕಾರ್ಯಕ್ರಮವೂ ಇಲ್ಲ. ವರ್ಷದ ಕೊನೆಗೆ ಮನೆಯವರಿಗೆ ತೋರಿಸೋಕೆ ಏನೂ ಇರಲ್ಲ.

ನನ್ನ ಲೆಕ್ಕ ಹೀಗೆ: ತಿಂಗಳಿಗೆ ಮೂರು ಶನಿವಾರ ಸಿಕ್ಕರೆ 1,800. ಒಂದು ವಾರ ತಪ್ಪಿದರೆ ದುಡ್ಡು ನನ್ನ ಹತ್ತಿರವೇ ಇರುತ್ತೆ. ವಾರಕ್ಕೆ ಮೂರು ದಿನ ಸಂಜೆ ಬಿಡುವಿರೋ, ಪರೀಕ್ಷೆ ಕಟ್ಟೋ ವಯಸ್ಸಿನವರಿಗೆ ಬ್ಯಾಲೆ ಕ್ಲಾಸೇ ಸರಿ ಹೋಗಬಹುದು.

ಬ್ಯಾಲೆ ಶೂ ಅಕ್ಕನ ಮಗಳಿಗೆ ಕೊಟ್ಟೆ. ಅವಳಿಗೆ 13, ಕಾಲಿಗೆ ಸರಿಯಾಗಿ ಕೂತಿತು, ಬ್ಯಾಲೆಯೇ ಬೇಕಂತೆ. ಸೇರಿಸೋ ಮೊದಲು ಹಜಾರದಲ್ಲಿ ಕಾಲುಚೀಲ ಹಾಕಿ ನಿಲ್ಲಿಸಿದೆ. ಅವಳ ಪಾದ ನನ್ನದಕ್ಕಿಂತ ಬಹಳ ಮುಂದೆ ಹೋಗಿ ಹತ್ತೂ ಹತ್ತಕ್ಕೂ ಒಂಬತ್ತೂ ಕಾಲಿಗೂ ನಡುವೆ ನಿಂತಿತು. 'ಚಿಕ್ಕಮ್ಮಾ, ಇಷ್ಟೇನಾ ನಿಂದು?' ಅಂತ ನಕ್ಕಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅವಳ ಗೆರೆ ಎಳೆದು ಫೋಟೋ ತೆಗೆದಿಟ್ಟಿದ್ದೀನಿ.